ಒದೆಚಡ್ಡಿ

ದುರ್ಗಿ ಹುಟ್ಟಿದಾಗ ಆರು ನಿಮಿಷ ಅಳಲಿಲ್ಲ. ಏಳನೆಯ ನಿಮಿಷಕ್ಕೆ ಅತ್ತಳು, ಅಮ್ಮನ ಎದೆಗೆ ಬಂದಳು, ಹಾಲು ಕುಡಿದಳು. ಮನೆಯವರು ಆ ಆರು ನಿಮಿಷವನ್ನು ಮರೆತೇಬಿಟ್ಟರು. ಮೂರು ತಿಂಗಳು ತುಂಬುವ ಹೊತ್ತಿಗೆ ಅದು ಮತ್ತೆ ನೆನಪಾಯಿತು. ಮಗು ಬಲಗಾಲಿನಿಂದ ಹೊದಿಕೆಯನ್ನು ಒದ್ದು ಒದ್ದು ತೊಟ್ಟಿಲಿನಾಚೆ ಕೆಡವುತ್ತಿತ್ತು. ಎಡಗಾಲು ಮಾತ್ರ ಬೇರೆ ಯಾರದೋ ಕಾಲನ್ನು ತಂದು ಪಕ್ಕಕ್ಕಿಟ್ಟ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು.

ಮೊದಲು ಕಂಡುಕೊಂಡವಳು ತಾಯಿ ಹುಲಿಗೆಮ್ಮ. ಬಳ್ಳಾರಿಯ ಕೌಲ್‌ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಹನ್ನೊಂದು ವರ್ಷ ಪ್ಯಾಂಟು ಹೊಲಿದವಳು ಅವಳು. ಪ್ಯಾಂಟಿನ ಎರಡು ಕಾಲಿನಲ್ಲಿ ಬೆರಳಿನಗಲ ವ್ಯತ್ಯಾಸವಿದ್ದರೂ ದೂರದಿಂದಲೇ ಹೇಳುತ್ತಿದ್ದಳು. ಮಗಳ ಕಾಲನ್ನು ನಾಲ್ಕು ದಿನ ನೋಡಿದಳು, ಐದನೆಯ ದಿನ ಸೆರಗು ಸಿಕ್ಕಿಸಿಕೊಂಡು ಆಸ್ಪತ್ರೆಗೆ ನಡೆದಳು. ಆಸ್ಪತ್ರೆಯವರು ಡಾಕ್ಟರ್ ತಸ್ನೀಮ್ ಅವರ ಪ್ರಯೋಗಾಲಯಕ್ಕೆ ಚೀಟಿ ಬರೆದುಕೊಟ್ಟರು.

ಹಳೆಯ ನೂಲಿನ ಗಿರಣಿಯ ಎರಡನೆಯ ಮಹಡಿಯಲ್ಲಿ ಆ ಪ್ರಯೋಗಾಲಯವಿತ್ತು. ನೆಲಕ್ಕೆಲ್ಲ ಮೆತ್ತನೆಯ ಹಾಸು, ಗೋಡೆಯ ಮೇಲೆ ದೊಡ್ಡ ಪರದೆ, ಚಾವಣಿಯಿಂದ ಇಳಿಬಿಟ್ಟ ಮರದ ಗಿಳಿಗಳ ಗೊಂಚಲು. ತಸ್ನೀಮ್ ಊರಿನವರೇ, ಐವತ್ತು ದಾಟಿದವರು. ಮಾತಾಡುವಾಗ ಕನ್ನಡಕವನ್ನು ತಲೆಯ ಮೇಲೇರಿಸಿಕೊಳ್ಳುವ ಅಭ್ಯಾಸ. ದುರ್ಗಿಯ ತಲೆಗೆ ತೆಳ್ಳನೆಯ ಟೋಪಿ ಹಾಕಿ, ಕಾಲಿಗೆ ಪಟ್ಟಿ ಸುತ್ತಿ, ಒಂದು ಗಂಟೆ ನೋಡಿ ಹೇಳಿದರು:

"ಕಾಲು ಚೆನ್ನಾಗೈತಿ ಹುಲಿಗೆಮ್ಮ. ತಲಿಯಿಂದ ಕಾಲಿಗೆ ಹೋಗೋ ಹಾದಿ ಪೆಟ್ಟು ತಿಂದೈತಿ. ಕೂಸು ಕೈಕಾಲು ಬಡೀತದಲ್ಲ, ಅದು ಸುಮ್ನ ಬಡಿಯೋದಲ್ಲ. ಒಂದೊಂದು ಒದೆತಾನೂ ಒಂದು ಪ್ರಶ್ನಿ. ನಾ ಹೇಳಿದ್ದು ಆಯ್ತೋ ಇಲ್ಲೋ ಅಂತ ತಲಿ ಕೇಳ್ತದ. ಆಯ್ತು ಅಂತ ಕಾಲು ಉತ್ತರ ಕೊಡ್ತದ. ದಿನಕ್ಕ ಸಾವಿರಾರು ಸಲ ಹಿಂಗಾಗಿ ಆಗಿ ಹಾದಿ ಗಟ್ಟಿ ಆಗ್ತದ. ಇವಳ ತಲಿ ಪಿಸುಮಾತಿನಾಗ ಕೇಳ್ತೈತಿ. ಕಾಲಿಗೆ ಏಳೋವಷ್ಟು ಬಲ ಸಾಲ್ವಲ್ದು. ಉತ್ತರ ಬರಲ್ಲ."

"ಉತ್ತರ ಬರದಿದ್ರ?"

"ಕೇಳೋದನ್ನ ಬಿಡ್ತದ. ಒಂದು ವರ್ಷ, ಬಹಳ ಅಂದ್ರ ಒಂದೂವರೆ ವರ್ಷ ಕೇಳೀತು. ಅಷ್ಟರೊಳಗ ನಾವು ಉತ್ತರ ಕೊಡಿಸಬೇಕು."

ಉತ್ತರ ಕೊಡಿಸುವ ಸಾಧನ ಮೇಜಿನ ಮೇಲೆಯೇ ಇತ್ತು. ನೋಡಿದರೆ ಬೂದು ಬಣ್ಣದ ಒಂದು ಪುಟ್ಟ ಚಡ್ಡಿ. ಅದರ ಬಟ್ಟೆಯಲ್ಲಿ ಎರಡು ಬಗೆಯ ಎಳೆಗಳಿದ್ದವು. ಒಂದು ಕೇಳುವ ಎಳೆ: ಸ್ನಾಯುವಿಗೆ ಬಂದು ಮುಟ್ಟುವ ವಿದ್ಯುತ್ತಿನ ಪಿಸುಮಾತನ್ನು ಅದು ಚರ್ಮದ ಮೇಲಿನಿಂದಲೇ ಹಿಡಿಯುತ್ತಿತ್ತು. ಇನ್ನೊಂದು ಜಗ್ಗುವ ಎಳೆ: ಅಪ್ಪಣೆ ಸಿಕ್ಕ ಕೂಡಲೇ ಸ್ನಾಯುವಿನಂತೆಯೇ ಕುಗ್ಗಿ ಕಾಲನ್ನು ಎತ್ತುತ್ತಿತ್ತು. ಮೊಣಕಾಲು ಸೋತ ಮುದುಕರಿಗಾಗಿ ಈ ಬಟ್ಟೆ ಆಗಲೇ ಬಳಕೆಗೆ ಬಂದಿತ್ತು. ಎಳೆಗೂಸಿಗೆ ತೊಡಿಸುವ ಧೈರ್ಯ ಮಾಡಿದವರು ತಸ್ನೀಮ್ ಮತ್ತು ಅವರ ಎಂಜಿನಿಯರ್ ಚಂದ್ರಮೌಳಿ. ಚಂದ್ರಮೌಳಿ ಮೈಸೂರಿನ ಕಡೆಯವನು, ಮೂವತ್ತರ ಹರೆಯ. ಪರದೆಯಿಂದ ಕಣ್ಣು ಕೀಳುವುದೇ ಅಪರೂಪ.

"ಒಂದೇ ಷರತ್ತು," ಎಂದ ಅವನು. "ಮಗು ಮನಸ್ಸು ಮಾಡಿದ್ದಕ್ಕೂ ಕಾಲು ಎದ್ದಿದ್ದಕ್ಕೂ ನಡುವೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ತಡ ಆಗ್ಬಾರ್ದು. ತಡ ಆದ್ರೆ ಯಾರೋ ಎಳೆದ್ರು ಅನ್ಸುತ್ತೆ. ನಾನೇ ಎತ್ತಿದೆ ಅನ್ಸಲ್ಲ."

ಮೊದಲ ದಿನ ಹಾಗೆಯೇ ಆಯಿತು. ಚಡ್ಡಿ ತೊಡಿಸಿ, ಗಿಳಿಗೊಂಚಲಿನ ಕೆಳಗೆ ಮಲಗಿಸಿ, ಗೊಂಚಲಿನ ದಾರವನ್ನು ಎಡಪಾದಕ್ಕೆ ಕಟ್ಟಿದರು. ಕಾಲು ಎದ್ದರೆ ಗಿಳಿಗಳು ಕುಣಿಯಬೇಕು. ಪರದೆಯ ಮೇಲೆ ಹಸಿರು ಗೆರೆ ಮಿಸುಕಿತು. ಎಷ್ಟೋ ಹೊತ್ತು ಎನ್ನಿಸುವಷ್ಟು ತಡವಾಗಿ ಕಾಲು ಜಗ್ಗನೆ ಮೇಲೆದ್ದಿತು. ದುರ್ಗಿ ಬೆಚ್ಚಿಬಿದ್ದು ಕಿರುಚಿದಳು. ಮೂರು ಸಲ ಮಾಡಿದರು, ಮೂರು ಸಲವೂ ಅದೇ ಕಿರುಚಾಟ.

"ಪಕ್ಕದ ಸ್ನಾಯುವಿನ ಸದ್ದು ಬೆರೀತಿದೆ ಮೇಡಂ. ಅದನ್ನ ಸೋಸೋ ಹೊತ್ತಿಗೆ ತಡ ಆಗ್ತಿದೆ. ಪ್ರೋಗ್ರಾಂ ತಿದ್ದಬೇಕು, ಎರಡು ತಿಂಗಳಾದ್ರೂ ಬೇಕು," ಎಂದು ಚಂದ್ರಮೌಳಿ ತಲೆ ಕೆರೆದುಕೊಂಡ.

ಹುಲಿಗೆಮ್ಮ ಮಗಳನ್ನು ಹೆಗಲಿಗೆ ಹಾಕಿಕೊಂಡು ಸಮಾಧಾನ ಮಾಡುತ್ತ ಆ ಚಡ್ಡಿಯನ್ನೇ ನೋಡುತ್ತಿದ್ದಳು. ತೊಡೆಯ ಹತ್ತಿರ ಬಟ್ಟೆ ಸುಕ್ಕುಗಟ್ಟಿ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಬಿಗಿದಿತ್ತು.

"ಸಾರ್, ಈ ಚಡ್ಡಿ ಯಾರಿಗೆ ಕತ್ತರಿಸೀರಿ?"

"ಇವಳಿಗೇ ಅಮ್ಮ. ಅಳತೆ ತಗೊಂಡಿದ್ವಲ್ಲ."

"ಅಳತಿ ಇಕಿದ ಐತ್ರಿ. ಕತ್ತರಿಸಿದ್ದು ನಿಂತೋರಿಗೆ." ಅವಳು ದುರ್ಗಿಯನ್ನು ಮತ್ತೆ ಹಾಸಿನ ಮೇಲೆ ಮಲಗಿಸಿದಳು. "ನೋಡ್ರಿ, ಕೂಸು ಎಂದಾದ್ರೂ ಕಾಲು ನೆಟ್ಟಗ ಇಟ್ಟು ಮಲಗ್ತೈತೇನು? ಕಪ್ಪಿ ಹಂಗ ಅಗಲ ಮಡಚಿಕೊಂಡಿರ್ತೈತಿ. ಹೊಲಿಗಿ ತೊಡಿ ನಡುವ ಬರಬೇಕಾದ್ದು ಬಗಲಿಗೆ ಬಂದೈತಿ. ನಿಮ್ಮ ಕೇಳೋ ಎಳಿ ಬ್ಯಾರೆ ಮನಿ ಬಾಗಿಲಿಗೆ ಕಿವಿ ಇಟ್ಟೈತ್ರಿ!"

ಚಂದ್ರಮೌಳಿ ಹಾಸಿನ ಮೇಲೆ ಮಂಡಿಯೂರಿ ಕುಳಿತು ಮಗುವಿನ ತೊಡೆಯನ್ನೂ ಚಡ್ಡಿಯನ್ನೂ ಎರಡೆರಡು ಸಲ ನೋಡಿದ. ತಸ್ನೀಮರ ಕನ್ನಡಕ ತಲೆಯ ಮೇಲಿಂದ ಜಾರಿ ಮೂಗಿಗೆ ಬಂತು. "ಎರಡು ವರ್ಷದಿಂದ ಇದರ ಮ್ಯಾಲೆ ಕೂತೀವಿ," ಎಂದರು ಮೆಲ್ಲಗೆ. "ಒಬ್ರಿಗೂ ಇದು ಹೊಳೀಲಿಲ್ಲ."

ಮರುದಿನ ಘಟಕದ ಊಟದ ಬಿಡುವಿನಲ್ಲಿ ಹುಲಿಗೆಮ್ಮನ ಯಂತ್ರದ ಸುತ್ತ ಹೆಂಗಸರ ಗುಂಪು. ಅತ್ತೆ ಈರಮ್ಮ ಮೊಮ್ಮಗಳನ್ನು ಹೊತ್ತು ತಂದು, ಕಾಲು ಮಡಚಿದ ಹಾಗೆಯೇ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹುಲಿಗೆಮ್ಮ ಆ ಮಡಿಕೆಗಳ ಮೇಲೆಯೇ ಕಾಗದವಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಪ್ರಯೋಗಾಲಯದಿಂದ ತಂದ ಬಟ್ಟೆಯನ್ನು ಓರೆಯಾಗಿ ಹಾಸಿ ಕತ್ತರಿಸಿದಳು, ಹಿಗ್ಗಿದರೂ ಸುಕ್ಕಾಗಬಾರದೆಂದು. ತೊಡೆಸಂದಿಗೆ ವಜ್ರದಾಕಾರದ ಒಂದು ತುಂಡು ಕೂಡಿಸಿದಳು. ಸೂಜಿ ಕೇಳುವ ಎಳೆಯನ್ನು ಚುಚ್ಚದ ಹಾಗೆ ಅದರ ಮಗ್ಗುಲಲ್ಲೇ, ಕೂದಲೆಳೆಯಷ್ಟು ಅಂತರದಲ್ಲಿ ಹೊಲಿಗೆ ಓಡಿಸುವಾಗ ಸುತ್ತ ನಿಂತವರೆಲ್ಲ ಉಸಿರು ಹಿಡಿದಿದ್ದರು. ಹನ್ನೊಂದು ವರ್ಷದಲ್ಲಿ ಅವಳು ಹೊಲಿದ ಅತಿ ಚಿಕ್ಕ ಪ್ಯಾಂಟು ಅದು.

ಆ ಶುಕ್ರವಾರ ಬೆಳಿಗ್ಗೆ ಮತ್ತೆ ಗಿಳಿಗೊಂಚಲು, ಮತ್ತೆ ದಾರ. ಹಸಿರು ಗೆರೆ ಮಿಸುಕಿತು. ಮಿಸುಕಿದ ಕ್ಷಣದಲ್ಲೇ ಎಡಗಾಲು ಎದ್ದಿತು. ಗಿಳಿಗಳು ಕುಣಿದವು.

ದುರ್ಗಿ ಅಳಲಿಲ್ಲ. ಸ್ತಬ್ಧಳಾದಳು. ಬಲಗಾಲೂ ನಿಂತಿತು, ಕೈಯೂ ನಿಂತಿತು, ಕಣ್ಣು ಮಾತ್ರ ಅಗಲವಾಗಿ ಗಿಳಿಗಳನ್ನೇ ನೋಡುತ್ತಿತ್ತು. ಗಿಳಿಗಳು ತೂಗಿ ತೂಗಿ ನಿಂತವು. ಅವಳು ಕಾದಳು. ಮತ್ತೆ ಒದ್ದಳು. ಮತ್ತೆ ಕುಣಿದವು! ಮೂರನೆಯ ಸಲ ಒದ್ದಾಗ ಅವಳ ಗಂಟಲಿನಿಂದ ಹಿಂದೆಂದೂ ಬರದಿದ್ದ ಸದ್ದೊಂದು ಹೊರಟಿತು, ಕೇಕೆಯೂ ನಗುವೂ ಬೆರೆತದ್ದು. ಆಮೇಲೆ ನಿಲ್ಲಿಸಿದ್ದೇ ಇಲ್ಲ. ಚಂದ್ರಮೌಳಿ ಎಣಿಸುತ್ತ ಹೋದ: ಇಪ್ಪತ್ತು, ನಲವತ್ತು, ಎಪ್ಪತ್ತೆರಡು. ಎಣಿಸುವ ದನಿ ಏರುತ್ತ ಏರುತ್ತ ಕೊನೆಗೆ ಅವನೂ ಮಗುವಿನ ಜತೆ ಕೂಗುತ್ತಿದ್ದ. ತಸ್ನೀಮ್ ಹುಲಿಗೆಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ಬಳೆ ಒಡೆದವು.

"ಗೊತ್ತಾಯ್ತು ನೋಡು ಅಕಿಗೆ," ಎಂದರು ಅವರು. "ಇದನ್ನ ಮಾಡಿದ್ದು ನಾನು ಅಂತ ಗೊತ್ತಾಯ್ತು."

ಚಡ್ಡಿ ಮನೆಗೆ ಬಂತು. ಅದು ಹಿಡಿದ ಗೆರೆಗಳು ಮನೆಯ ಫೋನಿನ ಮೂಲಕ ಚಂದ್ರಮೌಳಿಯ ಪರದೆಗೆ ಹೋಗುತ್ತಿದ್ದವು. ಈರಮ್ಮ ಅದಕ್ಕೆ ಒದೆಚಡ್ಡಿ ಎಂದು ಹೆಸರಿಟ್ಟಳು. ಓಣಿಯಲ್ಲಿ ಆ ಹೆಸರೇ ನಿಂತಿತು. ಪ್ರಯೋಗಾಲಯದ ಕಡತದಲ್ಲಿದ್ದ ಉದ್ದನೆಯ ಹೆಸರನ್ನು ತಸ್ನೀಮರೂ ಮರೆತರು. ಇಂಥದೇ ತೊಂದರೆಯಿಂದ ಪ್ರಯೋಗಾಲಯಕ್ಕೆ ಬಂದ ಬೇರೆ ಹನ್ನೊಂದು ಮಕ್ಕಳಿಗೂ ಹುಲಿಗೆಮ್ಮನೇ ಚಡ್ಡಿ ಕತ್ತರಿಸಿಕೊಟ್ಟಳು. ದುರ್ಗಿ ಬೆಳೆದಂತೆ ತಿಂಗಳಿಗೊಂದು ಹೊಸದು. ಐದು ತಿಂಗಳಿಗೆ ಮಗುಚಿಕೊಂಡಳು, ಏಳಕ್ಕೆ ಕುಳಿತಳು, ಒಂಬತ್ತಕ್ಕೆ ಅಂಬೆಗಾಲಿಕ್ಕಿದಳು. ಆ ದಿನ ಅವಳ ಅಪ್ಪ ಗಾದಿಲಿಂಗ ಜೀನ್ಸ್ ತೊಳೆಯುವ ಕೆಲಸದಿಂದ ನೀಲಿ ಹತ್ತಿದ ಕೈಯಲ್ಲೇ ಓಡಿಬಂದು, ಓಣಿಯವರಿಗೆಲ್ಲ ಮಿರ್ಚಿಬಜ್ಜಿ ತಂದು ಹಂಚಿದ.

ಅದಾದ ವಾರಕ್ಕೆ ಹುಲಿಗೆಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಬೇರೆಯೇ ಒಂದನ್ನು ಕಂಡಳು.

ಈರಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಮೊಮ್ಮಗಳನ್ನು ಬೋರಲು ಮಲಗಿಸಿಕೊಂಡು ನೀರೆರೆಯುತ್ತಿದ್ದಳು. ಬೆನ್ನಿಗೆ ಬಿಸಿನೀರು ಬಿದ್ದಾಗ ದುರ್ಗಿ ಬಲಗಾಲು ಬಡಿದಳು. ಎಡಗಾಲು ಬಿದ್ದಲ್ಲೇ ಬಿದ್ದಿತ್ತು, ಮೂರು ತಿಂಗಳಿನ ಕೂಸಾಗಿದ್ದಾಗ ಇದ್ದಂತೆಯೇ. ಹುಲಿಗೆಮ್ಮ ಮೈ ಒರೆಸಿ, ಚಾಪೆಯ ಮೇಲೆ ಬಿಟ್ಟು ಅಂಗಾಲು ಕೆರೆದಳು. ಹೆಬ್ಬೆರಳು ಒಂದಿಷ್ಟು ಅಲುಗಿ ನಿಂತಿತು. ದುರ್ಗಿ ಗೂಟಕ್ಕೆ ತೂಗುಹಾಕಿದ್ದ ಒದೆಚಡ್ಡಿಯತ್ತ ಕೈ ಚಾಚಿ "ಆಂ, ಆಂ" ಎಂದಳು.

"ಅತ್ತಿ, ನೋಡಿದ್ರಾ? ಓಡಾಡೋದು ಇಕಿ ಅಲ್ಲ. ಚಡ್ಡಿ ಓಡಾಡ್ತೈತಿ."

"ಬಿಡವ್ವ, ಹಾಕಿದ್ರ ಆಯ್ತು," ಎಂದಳು ಈರಮ್ಮ. ಹುಲಿಗೆಮ್ಮ ಬಿಡಲಿಲ್ಲ.

ಪ್ರಯೋಗಾಲಯದಲ್ಲಿ ಚಂದ್ರಮೌಳಿ ಆರು ತಿಂಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ. ಏಳನೆಯ ತಿಂಗಳವರೆಗೆ ಮಗುವಿನ ಸ್ವಂತ ಪಿಸುಮಾತು ಬೆಳೆಯುತ್ತ ಬಂದಿತ್ತು. ಅಲ್ಲಿಂದ ಈಚೆಗೆ ಇಳಿಯುತ್ತಿತ್ತು. ಸಣ್ಣ ಪಿಸುಮಾತಿಗೂ ಬಟ್ಟೆ ಪೂರ್ತಿ ಕೆಲಸ ಮಾಡಿಕೊಡುತ್ತಿದ್ದಾಗ ಗಟ್ಟಿಯಾಗಿ ಕೇಳುವ ಅಗತ್ಯ ಯಾರಿಗೆ?

ತಸ್ನೀಮ್ ಇನ್ನೊಂದು ಪರೀಕ್ಷೆ ಮಾಡಿದರು. ಕೆಂಪು ದಾರದ ಉಂಡೆಯನ್ನು ದುರ್ಗಿಯ ಕಣ್ಣೆದುರಿಗೇ ಕರವಸ್ತ್ರದ ಕೆಳಗೆ ಮುಚ್ಚಿಟ್ಟರು. ದುರ್ಗಿ ಒಂದು ಗಳಿಗೆ ಕರವಸ್ತ್ರ ನೋಡಿ, ಮುಖ ಬೇರೆಡೆ ತಿರುಗಿಸಿದಳು. ಉಂಡೆ ಕಣ್ಣಿಗೆ ಮರೆಯಾದದ್ದೇ ತಡ, ಮನಸ್ಸಿಗೂ ಮರೆಯಾಗಿತ್ತು.

"ತಾನಾಗೇ ಅಂಬೆಗಾಲಿಡೋ ಕೂಸು ಈ ವಯಸ್ಸಿಗೆ ಬಟ್ಟಿ ಎತ್ತಿ ಹುಡುಕ್ತದ," ಎಂದರು ಅವರು. "ತಾನು ಹೋದ ಜಾಗಾನ ತಲಿ ನೆನಪಿಟ್ಟುಕೋತದ. ಒಯ್ದ ಜಾಗಾನ ನೆನಪಿಟ್ಟುಕೊಳ್ಳಲ್ಲ. ದುರ್ಗೀನ ನಾವು ಒಯ್ತಾ ಇದ್ದೀವಿ."

ಚಂದ್ರಮೌಳಿ ಒಪ್ಪಲಿಲ್ಲ. "ಒಯ್ದರೆ ಏನು ತಪ್ಪು ಮೇಡಂ? ಕಣ್ಣು ಸರಿಯಾಗಿ ಕಾಣದವರು ಜೀವನಪೂರ್ತಿ ಕನ್ನಡಕ ಹಾಕ್ಕೊಳ್ತಾರೆ. ಇವಳು ಚಡ್ಡಿ ಹಾಕ್ಕೊಳ್ಳಲಿ. ಇನ್ನೆರಡು ವರ್ಷಕ್ಕೆ ಬಟ್ಟೆ ಇನ್ನೂ ತೆಳ್ಳಗಾಗುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಈಗ ಕಡಿಮೆ ಮಾಡಿ, ಅವಳೂ ಕೈಬಿಟ್ಟರೆ? ಇರೋದೂ ಹೋಗುತ್ತೆ."

ಅವನ ಮಾತಿನಲ್ಲೂ ಹುರುಳಿತ್ತು. ತಸ್ನೀಮ್ ಹುಲಿಗೆಮ್ಮನ ಕಡೆ ನೋಡಿದರು. ಮಗಳು ಅಂಬೆಗಾಲಿಟ್ಟು ಓಣಿ ದಾಟಿದ್ದನ್ನು ಕಂಡ ಕಣ್ಣು ಅವಳದು. ಅದನ್ನು ತಾನೇ ಕಿತ್ತುಕೊಳ್ಳಬೇಕೆ?

"ಕನ್ನಡಕ ಹಾಕ್ಕೊಂಡ್ರ ಕಣ್ಣು ನೋಡೋದನ್ನ ಬಿಡಲ್ರಿ ಸಾರ್," ಎಂದಳು ಹುಲಿಗೆಮ್ಮ. "ನನಗ ಹೊಲಿಗಿ ಕಲಿಸಿದಾಕಿ ಒಂದು ವಾರ ನನ್ನ ಕೈ ಮ್ಯಾಲೆ ಕೈ ಇಟ್ಟಿದ್ಲು. ಆಮ್ಯಾಲೆ ದಿನಕ್ಕೊಂದು ಬೆರಳು ಎತ್ತಿದ್ಲು. ಬಟ್ಟಿ ಓರಿ ಆತು, ಸೂಜಿ ಮುರೀತು, ಬೈಸಿಕೊಂಡೆ. ಅಕಿ ಕೈ ಎತ್ತದ ಇದ್ದಿದ್ರ ನಾ ಇವತ್ತೂ ಅಕಿ ಕೈ ಕೆಳಗ ಇರ್ತಿದ್ದೆ. ಕಡಿಮಿ ಮಾಡ್ರಿ."

ಬಟ್ಟೆಗೆ ಹೊಸ ನಡವಳಿಕೆ ಕಲಿಸಿದರು. ದಿನದಿನಕ್ಕೆ ಅದು ಸ್ವಲ್ಪ ಸ್ವಲ್ಪ ಕಡಿಮೆ ಜಗ್ಗಬೇಕು. ಜತೆಗೆ ಆಗೊಮ್ಮೆ ಈಗೊಮ್ಮೆ, ಮಗುವಿಗೆ ಗೊತ್ತಾಗದ ಲೆಕ್ಕದಲ್ಲಿ, ಏನೂ ಮಾಡದೆ ಸುಮ್ಮನಿರಬೇಕು. ಅಂದುಕೊಂಡದ್ದು ಆಗದೆ ಹೋದಾಗಲೇ ಮಿದುಳು ಮೈಕೊಡವಿ ಏಳುತ್ತದೆ, ಮತ್ತೆ ಜೋರಾಗಿ ಕೇಳುತ್ತದೆ ಎಂದು ತಸ್ನೀಮರ ನಂಬಿಕೆ. ಎಷ್ಟು ಜಗ್ಗಬೇಕೆಂಬುದು ಮನೆಯ ಫೋನಿನಲ್ಲೇ ಒಂದು ಗೀಟಾಗಿ ಕಾಣುತ್ತಿತ್ತು; ಬೆರಳಿನಿಂದ ಅದನ್ನು ಏರಿಸಲೂಬಹುದಿತ್ತು, ಇಳಿಸಲೂಬಹುದಿತ್ತು.

ಮೊದಲ ವಾರವೇ ಮನೆ ರಣರಂಗವಾಯಿತು. ಓಣಿ ಸುತ್ತುತ್ತಿದ್ದ ದುರ್ಗಿ ಕುಳಿತಲ್ಲೇ ಕುಳಿತಳು. ಎರಡು ಹೆಜ್ಜೆ ತೆವಳಿ ಎಡಕ್ಕೆ ಮಗುಚಿಬಿದ್ದಳು. ಸಿಟ್ಟಿಗೆ ಚಡ್ಡಿಯನ್ನೇ ಹೊಡೆದು ಹೊಡೆದು ಅತ್ತಳು. ಈರಮ್ಮ ಸೊಸೆಯೊಂದಿಗೆ ಮಾತು ಬಿಟ್ಟಳು. ಹತ್ತನೆಯ ದಿನ ದುರ್ಗಿ ಇದ್ದಕ್ಕಿದ್ದಂತೆ ಸರಸರನೆ ಅಂಬೆಗಾಲಿಕ್ಕಿ ಹೊಸ್ತಿಲವರೆಗೆ ಹೋದಳು. ಹುಲಿಗೆಮ್ಮ ಹಿಗ್ಗಿ ಫೋನು ನೋಡಿದಳು. ಗೀಟು ಪೂರ್ತಿ ಮೇಲಿತ್ತು. ಗಂಡನ ಕಡೆ ತಿರುಗಿದಳು.

"ನೀವು ಏರಿಸಿದ್ರಾ?"

ಗಾದಿಲಿಂಗ ತಲೆ ತಗ್ಗಿಸಲಿಲ್ಲ. "ಹೌದು, ಏರಿಸೀನಿ. ಓಡಾಡ್ತಿದ್ದ ಕೂಸನ್ನ ಕೂರಿಸಿಬಿಟ್ರಿ ನೀವು. ಅದು ಅಳೋದು ನನ್ನ ಕಿವ್ಯಾಗಿಂದ ಹೋಗವಲ್ದು. ನೀನು ತಾಯಿ ಅದಿಯೋ, ಡಾಕ್ಟರೋ?"

"ನನಗ ಕೇಳಂಗಿಲ್ಲ ಅನ್ಕೊಂಡ್ರೇನು?" ಎಂದಳು ಹುಲಿಗೆಮ್ಮ. ಅವಳು ಮಗಳ ಚಡ್ಡಿ ಬಿಚ್ಚಿ, ಆ ಎಡಗಾಲನ್ನು ಗಂಡನ ನೀಲಿ ಅಂಗೈಯಲ್ಲಿಟ್ಟಳು. "ಹಿಡೀರಿ. ಏನಾದ್ರೂ ಮಾಡ್ತೈತೇನು ನೋಡ್ರಿ."

ಗಾದಿಲಿಂಗ ಹಿಡಿದು ಕುಳಿತ. ಬೆಚ್ಚಗಿನ, ದುಂಡಗಿನ, ಏನೂ ಮಾಡದ ಕಾಲು. ಆಮೇಲೆ ಫೋನೆತ್ತಿಕೊಂಡು ತಾನೇ ಗೀಟನ್ನು ಇಳಿಸಿದ.

ಅಂದಿನಿಂದ ಕೆಲಸ ಮುಗಿಸಿ ಬಂದವನೇ ಮಗಳ ಎದುರು ಹೊಟ್ಟೆ ಮೇಲೆ ಮಲಗಿಬಿಡುತ್ತಿದ್ದ. ಅವಳಿಗೆ ಪ್ರಿಯವಾದ ಸ್ಟೀಲಿನ ಮುಚ್ಚಳವನ್ನು ಗೇಣು ದೂರದಲ್ಲಿ ಇಡುತ್ತಿದ್ದ. ಕೈಗೆ ಸಿಗಬಾರದು, ಆಸೆಯೂ ಹೋಗಬಾರದು, ಅಷ್ಟು ದೂರ. "ಬಾರಲೇ ದುರ್ಗಿ, ಬಾ ನಮ್ಮವ್ವ, ಬಾ!" ಎಂದು ಮುಚ್ಚಳ ಬಡಿಯುತ್ತಿದ್ದ. ಅವಳು ಚಾಚುತ್ತಿದ್ದಳು, ಮಗುಚುತ್ತಿದ್ದಳು, ಅಪ್ಪನ ಮೀಸೆ ಹಿಡಿದೆಳೆದು ಸೇಡು ತೀರಿಸಿಕೊಳ್ಳುತ್ತಿದ್ದಳು. ಈರಮ್ಮ ಮೊದಲು ಬೈದಳು, ಮೂರನೆಯ ದಿನ ಕಾಲಿಗೆ ಎಣ್ಣೆ ತಿಕ್ಕಲು ಬಂದು ಕುಳಿತಳು, ಐದನೆಯ ದಿನ ಮಗನಿಗಿಂತ ಜೋರಾಗಿ ಕೂಗತೊಡಗಿದಳು.

ಇಪ್ಪತ್ತನಾಲ್ಕನೆಯ ದಿನ ಸಂಜೆ, ಮುಚ್ಚಳಕ್ಕೆ ಇನ್ನೂ ನಾಲ್ಕು ಬೆರಳಿದೆ ಎನ್ನುವಾಗ ದುರ್ಗಿ ಎಂದಿನಂತೆ ಎಡಕ್ಕೆ ವಾಲಿದಳು. ಬೀಳಲಿಲ್ಲ. ಎಡಮೊಣಕಾಲು ನಡುಗುತ್ತ ನಡುಗುತ್ತ ಮುಂದೆ ಬಂದು ನೆಲಕ್ಕೆ ಊರಿತು. ಹಿಂದೆಯೇ ಬಲ. ಮತ್ತೆ ಎಡ. ಮುಚ್ಚಳ ಅವಳ ಕೈಯಲ್ಲಿತ್ತು. ಮೂವರೂ ಬಾಯಿಗೆ ಕೈ ಇಟ್ಟುಕೊಂಡಿದ್ದರು. ಫೋನು ರಿಂಗಾಯಿತು. ಚಂದ್ರಮೌಳಿ ಏದುಸಿರಿನಲ್ಲಿದ್ದ.

"ಹುಲಿಗೆಮ್ಮ, ಈಗ ಏನಾಯ್ತು ಅಲ್ಲಿ? ಬಟ್ಟೆ ಈ ಸಲ ಸುಮ್ಮನಿತ್ತು! ಸುಮ್ಮನಿರೋ ಸರದಿ ಅದು! ಅದು ಪೂರ್ತಿ ಅವಳದ್ದೇ, ಪೂರ್ತಿ ಅವಳದ್ದೇ ಕಣಮ್ಮ!"

ಹುಲಿಗೆಮ್ಮ ಫೋನನ್ನು ಮಗಳ ಕಡೆ ಹಿಡಿದಳು. ಗಾದಿಲಿಂಗ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದ, ಮಗಳು ಅವನ ತಲೆಯ ಮೇಲೆ ಮುಚ್ಚಳ ಬಡಿಯುತ್ತಿದ್ದಳು.

ಮೂರು ವಾರದ ನಂತರ ಪ್ರಯೋಗಾಲಯದಲ್ಲಿ ತಸ್ನೀಮ್ ಮತ್ತೆ ಕೆಂಪು ಉಂಡೆಯನ್ನು ಕರವಸ್ತ್ರದ ಕೆಳಗಿಟ್ಟರು. ದುರ್ಗಿ ತಡಮಾಡಲಿಲ್ಲ. ನಾಲ್ಕು ಹೆಜ್ಜೆ ಅಂಬೆಗಾಲಿಟ್ಟು ಹೋಗಿ ಕರವಸ್ತ್ರ ಕಿತ್ತೆಸೆದು ಉಂಡೆ ಹಿಡಿದಳು. ತಸ್ನೀಮ್ ಚಪ್ಪಾಳೆ ತಟ್ಟುವಷ್ಟರಲ್ಲಿ ಅವಳು ಇನ್ನೊಂದು ಕೆಲಸ ಮಾಡಿದಳು. ಕರವಸ್ತ್ರವನ್ನು ಎಳೆದುಕೊಂಡು ಉಂಡೆಯನ್ನು ತಾನೇ ಮುಚ್ಚಿ, ತಲೆ ಎತ್ತಿ, ಪರದೆ ನೋಡುತ್ತಿದ್ದ ಚಂದ್ರಮೌಳಿಯನ್ನು "ಹೂಂ?" ಎಂದು ಕೇಳಿದಳು.

ಚಂದ್ರಮೌಳಿ ಪರದೆ ಬಿಟ್ಟು ಎದ್ದ. "ಮೇಡಂ, ನನ್ನನ್ನ ಪರೀಕ್ಷೆ ಮಾಡ್ತಿದಾಳೆ! ನನಗೆ ಗೊತ್ತಿಲ್ಲ, ತನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತು!" ಅವನು ಹಾಸಿನ ಮೇಲೆ ಉರುಳಾಡಿ, ತನ್ನ ಜೇಬಿನಲ್ಲಿ, ಕುರ್ಚಿಯ ಕೆಳಗೆ, ತಸ್ನೀಮರ ಚಪ್ಪಲಿಯಲ್ಲಿ ಉಂಡೆ ಹುಡುಕಿದ. ದುರ್ಗಿ ನಕ್ಕು ನಕ್ಕು ಬಿಕ್ಕಳಿಸಿದಳು. "ಕಡಿಮಿ ಮಾಡ್ರಿ ಅಂದಿದ್ರಲ್ಲ ಹುಲಿಗೆಮ್ಮ," ಎಂದ ಅವನು ನೆಲದಿಂದಲೇ, ಅವಳ ಮಾತನ್ನು ಅವಳ ಧಾಟಿಯಲ್ಲೇ ಹೇಳಿ. "ನಾನು ಹೇಳಿದ್ದು ತಪ್ಪು."

ಉಳಿದ ಹನ್ನೊಂದು ಮಕ್ಕಳ ಚಡ್ಡಿಗಳಿಗೂ ಅದೇ ವಾರ ಹೊಸ ನಡವಳಿಕೆ ಬಂತು. ಎಲ್ಲರಿಗೂ ಅದು ಒಗ್ಗಲಿಲ್ಲ. ಇಬ್ಬರಿಗೆ ಪೂರ್ತಿ ಬಲವನ್ನೇ ಮುಂದುವರಿಸಬೇಕಾಯಿತು. ದುರ್ಗಿಯ ಎಡಪಾದವೂ ಪೂರ್ತಿ ನೆಟ್ಟಗಾಗದು, ತುಸು ಹೊರಕ್ಕೇ ವಾಲಿರುತ್ತದೆ ಎಂದು ತಸ್ನೀಮ್ ಮುಚ್ಚುಮರೆಯಿಲ್ಲದೆ ಹೇಳಿದರು. ಹುಲಿಗೆಮ್ಮ ತಲೆಯಾಡಿಸಿದಳು.

ದುರ್ಗಿಗೆ ಒಂದು ವರ್ಷ ಎರಡು ತಿಂಗಳಾಗಿದ್ದ ಒಂದು ಸೋಮವಾರ ಬೆಳಿಗ್ಗೆ ಚಂದ್ರಮೌಳಿಯ ಫೋನು ಬಂತು. ದನಿಯಲ್ಲಿ ಗಾಬರಿ.

"ಹುಲಿಗೆಮ್ಮ, ದುರ್ಗಿ ಹುಷಾರಿದಾಳಾ? ಒಂದು ಗಂಟೆಯಿಂದ ಗೆರೆ ಅಲುಗ್ತಾನೇ ಇಲ್ಲ. ಎಡಗಾಲಿಂದ ಒಂದು ಸದ್ದೂ ಬರ್ತಿಲ್ಲ."

ಹುಲಿಗೆಮ್ಮ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಒದೆಚಡ್ಡಿಯನ್ನು ಹಿಂಡಿ ತಂತಿಗೆ ಹಾಕಿ ಆಗಲೇ ಬಹಳ ಹೊತ್ತಾಗಿತ್ತು. ಅದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಕಡೆಯಿಂದ ಈರಮ್ಮನ ಕೂಗು ಕೇಳಿತು: "ಏ ಹುಲಿಗೆವ್ವ, ಬಾರೇ! ಹೊಂಟ್ಲು, ಹೊಂಟ್ಲು! ನನಗ ಸಿಗವಲ್ಲಳು!"

ಹುಲಿಗೆಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅನ್ನದ ಬಟ್ಟಲು ಹಿಡಿದ ಅತ್ತೆ ಹಿಂದೆ, ಬರಿಮೈಯ ದುರ್ಗಿ ಮುಂದೆ. ಎರಡೂ ಕೈ ಗಾಳಿಯಲ್ಲಿ ಅಗಲಿಸಿ, ಎಡಪಾದವನ್ನು ತುಸು ಹೊರಕ್ಕೆ ಎಸೆಯುತ್ತ, ಯಾವ ಗೋಡೆಯನ್ನೂ ಹಿಡಿಯದೆ, ಅವಳು ನಡೆಯುತ್ತಿದ್ದಳು. ಬಿದ್ದಳು. ಅಂಗೈ ಊರಿ ಎದ್ದಳು. ಯಾರಾದರೂ ಹಿಡಿದಾರೆಂಬ ಹೆದರಿಕೆಗೆ ಇನ್ನೂ ಬಿರುಸಾಗಿ ನಡೆದಳು.

"ಹಲೋ? ಹುಲಿಗೆಮ್ಮ? ಮಗು ಎಲ್ಲಿದೆ?"

"ಆಮ್ಯಾಲೆ ಮಾತಾಡ್ತೀನ್ರಿ ಸಾರ್," ಎಂದಳು ಹುಲಿಗೆಮ್ಮ, ಸೀರೆ ಮೇಲಕ್ಕೆ ಸಿಕ್ಕಿಸುತ್ತ. "ಮೊದಲ ಇಕಿನ್ನ ಹಿಡೀಬೇಕು. ದೊಡ್ಡ ರಸ್ತಾದ ಕಡಿ ತಿರುಗ್ಯಾಳ!"

ಫೋನನ್ನು ಹೊಸ್ತಿಲ ಮೇಲೆ ಹಾಗೆಯೇ ಬಿಟ್ಟು ಓಡಿದಳು.